ಮೇಲೆ ಐಸ್ ಗಟ್ಟಿ, ಕೆಳಗೆ ಹಾಲು ಒಡೆಯುತ್ತೆ: ಫ್ರಿಜ್‌ನ ಗ್ಯಾಸ್ ನಿಜಕ್ಕೂ ಖಾಲಿಯಾಗಿದೆಯಾ?

ಪ್ರಶ್ನೆ: ನಮ್ಮದು ಕುಂದಾಪುರದ ಹತ್ತಿರ. ಏಳು ವರ್ಷ ಹಳೆಯ 260 ಲೀಟರ್ ಡಬಲ್ ಡೋರ್ ಫ್ರಿಜ್, ಫ್ರಾಸ್ಟ್ ಫ್ರೀ. ಮಳೆ ಶುರುವಾದಾಗಿನಿಂದ ತೊಂದರೆ. ಮೇಲಿನ ಫ್ರೀಜರ್‌ನಲ್ಲಿ ಐಸ್ ಆಗುತ್ತದೆ, ಆದರೆ ಕೆಳಗೆ ತಣ್ಣಗಾಗುವುದೇ ಇಲ್ಲ. ಹಾಲು ಒಡೆಯುತ್ತದೆ, ದೋಸೆ ಹಿಟ್ಟು ಒಂದೇ ದಿನಕ್ಕೆ ಹುಳಿ ಬರುತ್ತದೆ. ತರಕಾರಿ ಡಬ್ಬದಲ್ಲಿ ನೀರು ನಿಲ್ಲುತ್ತದೆ. ಒಳಗಿನಿಂದ ಆಗಾಗ ಟಕಟಕ ಸದ್ದು. ಮೆಕ್ಯಾನಿಕ್ ಬಂದು ಗ್ಯಾಸ್ ಖಾಲಿಯಾಗಿದೆ ಎಂದು ತುಂಬಿಸಿದರು. ಎಂಟು ದಿನ ಚೆನ್ನಾಗಿತ್ತು, ಆಮೇಲೆ ಮತ್ತೆ ಅದೇ ಕಥೆ. ಎರಡನೇ ಸಲ ತುಂಬಿಸಿದರೂ ಹಾಗೆಯೇ ಆಯಿತು. ಈಗ ಕಂಪ್ರೆಸರ್ ಹೋಗಿದೆ, ಹೊಸದು ತಗೊಳ್ಳಿ ಅನ್ನುತ್ತಿದ್ದಾರೆ. ಅತ್ತೆ ಹಳೆ ಸಿಂಗಲ್ ಡೋರೇ ಚೆನ್ನಾಗಿತ್ತು ಅನ್ನುತ್ತಾರೆ. ಪಕ್ಕದ ಮನೆಯವರು ಫ್ರೀಜರ್‌ಗೆ ಉಪ್ಪು ಹಾಕಿ ಅನ್ನುತ್ತಾರೆ. ರಾತ್ರಿ ಆಫ್ ಮಾಡಿ ಇಟ್ಟರೆ ಸರಿಹೋಗುತ್ತದಾ? ಏನು ಮಾಡಲಿ?

ಉತ್ತರ: ಮೊದಲು ಒಂದು ಮಾತು. ಹೊಸ ಫ್ರಿಜ್‌ಗೆ ಈಗಲೇ ದುಡ್ಡು ಕೊಡಬೇಡಿ. ನೀವು ಬರೆದದ್ದರಲ್ಲಿ ಒಂದು ಸಾಲು ನನಗೆ ಬಹಳ ಮುಖ್ಯ ಅನ್ನಿಸಿತು. 'ಎಂಟು ದಿನ ಚೆನ್ನಾಗಿತ್ತು.' ಮೂವತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಈ ಮಾತನ್ನು ಮಳೆಗಾಲದಲ್ಲಿ ವಾರಕ್ಕೊಂದು ಸಲವಾದರೂ ಕೇಳುತ್ತೇನೆ. ಇದನ್ನು ಕೇಳಿದ ಕೂಡಲೇ ನನ್ನ ಅನುಮಾನ ಗ್ಯಾಸ್ ಮೇಲೆ ಹೋಗುವುದಿಲ್ಲ, ಐಸ್ ಕರಗಿಸುವ ಭಾಗದ ಮೇಲೆ ಹೋಗುತ್ತದೆ.

ಯಾಕೆ ಅಂತ ಹೇಳುತ್ತೇನೆ. ಗ್ಯಾಸ್ ತುಂಬಿಸುವಾಗ ಏನಾಯಿತು, ನೆನಪು ಮಾಡಿಕೊಳ್ಳಿ. ಫ್ರಿಜ್ ಆಫ್ ಮಾಡಿದರು. ಗೋಡೆಯಿಂದ ಎಳೆದರು. ಸಾಮಾನೆಲ್ಲ ಹೊರಗೆ ತೆಗೆದಿರಿ. ಬಾಗಿಲು ತೆರೆದೇ ಇತ್ತು. ಕೆಲಸ ಮುಗಿಯಲು ಅರ್ಧ ದಿನವೋ ಒಂದು ದಿನವೋ ಆಯಿತು, ಅಲ್ವಾ? ಅಷ್ಟು ಹೊತ್ತಿಗೆ ಒಳಗೆ ಕಟ್ಟಿದ್ದ ಐಸ್ ತಾನಾಗಿಯೇ ಕರಗಿ ಹೋಯಿತು. ಆಮೇಲೆ ಆನ್ ಮಾಡಿದಾಗ ಫ್ರಿಜ್ ಹೊಸದರಂತೆ ಓಡಿತು. ಹೆಸರು ಬಂದದ್ದು ಗ್ಯಾಸ್‌ಗೆ, ಕೆಲಸ ಮಾಡಿದ್ದು ಆ ಅರ್ಧ ದಿನದ ರಜೆ. ಮೆಕ್ಯಾನಿಕ್ ಬೇಕೆಂದೇ ಮೋಸ ಮಾಡಿದರು ಅಂತ ನಾನು ಹೇಳುವುದಿಲ್ಲ. ಎಷ್ಟೋ ಸಲ ಅವರೂ ಇದನ್ನೇ ನಂಬಿರುತ್ತಾರೆ.

ಫ್ರಾಸ್ಟ್ ಫ್ರೀ ಅಂದರೆ ಐಸ್ ಕಟ್ಟುವುದೇ ಇಲ್ಲ ಅಂತ ನಾವು ತಿಳಿದುಕೊಂಡಿದ್ದೇವೆ. ಅದು ತಪ್ಪು. ಕಟ್ಟುತ್ತದೆ, ಆದರೆ ನಮ್ಮ ಕಣ್ಣಿಗೆ ಕಾಣದ ಕಡೆ. ಫ್ರೀಜರ್‌ನ ಹಿಂದಿನ ಪ್ಲಾಸ್ಟಿಕ್ ಪ್ಯಾನೆಲ್ ಇದೆಯಲ್ಲ, ಅದರ ಹಿಂದೆ ಕೂಲಿಂಗ್ ಕಾಯಿಲ್ ಕೂತಿರುತ್ತದೆ. ನೋಡಲು ಬೈಕಿನ ಎಂಜಿನ್ ರೆಕ್ಕೆಗಳ ತರಹ ಸಾಲು ಸಾಲು ಅಲ್ಯೂಮಿನಿಯಂ ಹಾಳೆ. ಅಲ್ಲೊಂದು ಸಣ್ಣ ಫ್ಯಾನ್. ಅದು ಕಾಯಿಲ್ ಮೇಲೆ ಹಾದ ತಣ್ಣನೆ ಗಾಳಿಯನ್ನು ಫ್ರೀಜರ್‌ಗೆ ಊದುತ್ತದೆ. ಅದೇ ಗಾಳಿಯ ಒಂದು ಪಾಲು ಹಿಂದಿನ ದಾರಿಯಿಂದ ಕೆಳಗೆ ಇಳಿಯುತ್ತದೆ. ನಿಮ್ಮ ತರಹದ ಮಾಡೆಲ್‌ನಲ್ಲಿ ಕೆಳಗಿನ ಭಾಗಕ್ಕೆ ಬೇರೆ ಕಾಯಿಲ್ ಇರುವುದಿಲ್ಲ. ಮೇಲಿಂದ ಗಾಳಿ ಬಂದರೆ ತಂಪು, ಬರದಿದ್ದರೆ ಅದು ಬರೀ ಬೀರು.

ನಾವು ಬಾಗಿಲು ತೆಗೆದಾಗೆಲ್ಲ ಹೊರಗಿನ ಗಾಳಿಯ ತೇವ ಒಳಗೆ ಹೋಗಿ ಆ ಕಾಯಿಲ್ ಮೇಲೆ ಬಿಳಿ ಪುಡಿ ಐಸ್ ಆಗಿ ಕೂರುತ್ತದೆ. ಅದನ್ನು ದಿನಕ್ಕೆ ಎರಡು ಮೂರು ಸಲ ಕರಗಿಸಲು ಕಾಯಿಲ್ ಕೆಳಗೆ ಒಂದು ಹೀಟರ್ ಇರುತ್ತದೆ. ಫ್ರಿಜ್ ಒಳಗೆ ಹೀಟರ್ ಅಂದರೆ ತುಂಬಾ ಜನ ನಗುತ್ತಾರೆ. ನಿಜಕ್ಕೂ ಇದೆ. ಟೈಮರ್ ಅಥವಾ ಎಲೆಕ್ಟ್ರಾನಿಕ್ ಬೋರ್ಡ್ ಕಂಪ್ರೆಸರನ್ನು ನಿಲ್ಲಿಸಿ, ಇಪ್ಪತ್ತು ಮೂವತ್ತು ನಿಮಿಷ ಹೀಟರ್‌ಗೆ ಕರೆಂಟ್ ಕೊಡುತ್ತದೆ. ಐಸ್ ಕರಗಿದ ನೀರು ಒಂದು ತೂತಿನಿಂದ ಪೈಪ್‌ಗೆ ಇಳಿದು, ಹಿಂದೆ ಕಂಪ್ರೆಸರ್ ಮೇಲಿನ ತಟ್ಟೆಗೆ ಬೀಳುತ್ತದೆ. ಅಲ್ಲಿ ಕಂಪ್ರೆಸರ್ ಬಿಸಿಗೆ ಆವಿಯಾಗುತ್ತದೆ. ನಡುರಾತ್ರಿ ಫ್ರಿಜ್ ಒಳಗಿನಿಂದ 'ಚುಂಯ್' ಅಂತ ಸದ್ದು ಬಂದರೆ ಹೆದರಬೇಡಿ. ಬಿಸಿ ಹೀಟರ್ ಮೇಲೆ ನೀರಿನ ಹನಿ ಬಿದ್ದದ್ದು. ಆ ಸದ್ದು ಬಂತೆಂದರೆ ಹೀಟರ್ ಬದುಕಿದೆ ಅಂತ ಅರ್ಥ.

ಈ ಹೀಟರ್ ಕರೆಂಟ್ ತಿನ್ನುತ್ತದೆ ಅನ್ನುವವರೂ ಇದ್ದಾರೆ. 150 ವ್ಯಾಟ್ ಹೀಟರ್ ದಿನಕ್ಕೆ ಮೂರು ಸಲ 20 ನಿಮಿಷ ಉರಿದರೂ ಒಟ್ಟು 0.15 ಯೂನಿಟ್. ಅದೇ ಐಸ್ ಕಟ್ಟಿಕೊಂಡು ಕಂಪ್ರೆಸರ್ ಹಗಲೂ ರಾತ್ರಿ ಬಿಡದೆ ಓಡಿದರೆ ಬಿಲ್ಲು ಜಾಸ್ತಿ ಬರುವುದು ಅಲ್ಲಿಂದ.

ಈಗ ನಿಮ್ಮ ಎಂಟು ದಿನದ ಲೆಕ್ಕಕ್ಕೆ ಬರೋಣ. ಮಳೆಗಾಲದಲ್ಲಿ ಕರಾವಳಿಯ ಗಾಳಿ 27 ಡಿಗ್ರಿ, ತೇವಾಂಶ ಶೇ. 90 ಅಂದುಕೊಳ್ಳಿ. ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 23 ಗ್ರಾಂ ನೀರು ಇರುತ್ತದೆ. ನಿಮ್ಮ ಫ್ರಿಜ್ ಒಳಗೆ ಹಿಡಿಯುವುದು ಕಾಲು ಘನ ಮೀಟರ್ ಗಾಳಿ. ಬಾಗಿಲು ತೆಗೆದಾಗ ಅದರಲ್ಲಿ ಅರ್ಧ ಬದಲಾದರೂ 3 ಗ್ರಾಂ ನೀರು ಒಳಗೆ ಬಂತು. ಮಕ್ಕಳಿರುವ ಮನೆಯಲ್ಲಿ ದಿನಕ್ಕೆ 40 ಸಲ ಬಾಗಿಲು ತೆಗೆಯುವುದು ದೊಡ್ಡ ಮಾತಲ್ಲ. ಅಂದರೆ 120 ಗ್ರಾಂ. ಎಂಟು ದಿನಕ್ಕೆ ಹತ್ತಿರ ಹತ್ತಿರ ಒಂದು ಕೆಜಿ ಐಸ್! ಅದೂ ಪುಡಿ ಪುಡಿಯಾಗಿ ಹರಡಿಕೊಂಡ ಐಸ್. ಕಾಯಿಲ್‌ನ ಸಂದುಗಳೆಲ್ಲ ಮುಚ್ಚಿ ಗಾಳಿ ನುಗ್ಗಲು ಜಾಗವೇ ಇಲ್ಲ. ಕಾಯಿಲ್‌ಗೆ ಅಂಟಿಕೊಂಡೇ ಇರುವುದರಿಂದ ಫ್ರೀಜರ್ ತಣ್ಣಗೆ ಕಾಣುತ್ತದೆ, ಕೆಳಗೆ ಮಾತ್ರ ಗಾಳಿ ಇಳಿಯುವುದಿಲ್ಲ. ನಿಮ್ಮ ಟಕಟಕ ಸದ್ದೂ ಇದರದ್ದೇ. ಐಸ್ ಬೆಳೆದು ಬೆಳೆದು ಫ್ಯಾನಿನ ರೆಕ್ಕೆಗೆ ತಾಗುತ್ತಿದೆ.

ಇದೇ ಫ್ರಿಜ್, ಇದೇ ತೊಂದರೆ ಏಪ್ರಿಲ್‌ನಲ್ಲಿ ವಿಜಯಪುರದ ಮನೆಯೊಂದರಲ್ಲಿ ಆಗಿದ್ದರೆ ಇಷ್ಟು ಬೇಗ ಗೊತ್ತಾಗುತ್ತಿರಲಿಲ್ಲ. ಅಲ್ಲಿ 38 ಡಿಗ್ರಿ ಸೆಕೆ ಇದ್ದರೂ ತೇವಾಂಶ ಶೇ. 20 ಇದ್ದರೆ ಗಾಳಿಯಲ್ಲಿ 9 ಗ್ರಾಂ ನೀರು ಅಷ್ಟೇ. ಮಳೆ ಶುರುವಾದಾಗಿನಿಂದ ಅಂತ ನೀವು ಬರೆದಿದ್ದೀರಲ್ಲ, ಅದು ಸರಿಯಾಗಿಯೇ ಇದೆ. ಮಳೆ ಬಂದು ಫ್ರಿಜ್ ಕೆಡಲಿಲ್ಲ. ಮೊದಲೇ ಕೆಟ್ಟಿದ್ದನ್ನು ಮಳೆ ತೋರಿಸಿಕೊಟ್ಟಿತು.

ಹಾಗಾದರೆ ಗ್ಯಾಸ್ ಖಾಲಿಯಾಗುವುದೇ ಇಲ್ಲವಾ? ಅಡುಗೆ ಸಿಲಿಂಡರ್ ತರಹ ಉರಿದು ಖಾಲಿಯಾಗುವುದಿಲ್ಲ. ಮುಚ್ಚಿದ ಪೈಪಿನೊಳಗೆ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲೋ ಲೀಕ್ ಇದೆ. ಲೀಕ್ ಹುಡುಕಿ ಮುಚ್ಚದೆ ಬರೀ ತುಂಬಿಸಿ ಹೋದರೆ ಅದು ಕೆಲಸವೇ ಅಲ್ಲ. ಉಪ್ಪು ಗಾಳಿಯ ಊರಿನಲ್ಲಿ ಪೈಪ್ ತುಕ್ಕು ಹಿಡಿದು ಲೀಕ್ ಆಗುವುದು ಉಂಟು, ಇಲ್ಲವೆನ್ನುವುದಿಲ್ಲ. ಆದರೆ ಅದರ ಲಕ್ಷಣ ಬೇರೆ. ಫ್ರೀಜರ್‌ನಲ್ಲೂ ಐಸ್ ಸರಿಯಾಗಿ ಆಗುವುದಿಲ್ಲ. ಕಂಪ್ರೆಸರ್ ಓಡುತ್ತಿದ್ದರೂ ಫ್ರಿಜ್‌ನ ಹೊರಮೈಯ ಎರಡು ಪಕ್ಕಗಳು ಬೆಚ್ಚಗಾಗುವುದಿಲ್ಲ. ಪ್ಯಾನೆಲ್ ಬಿಚ್ಚಿ ನೋಡಿದರೆ ಕಾಯಿಲ್‌ನ ಒಂದು ತುದಿಯಲ್ಲಿ ಮಾತ್ರ ಬಿಳಿ ಐಸ್, ಉಳಿದದ್ದು ಬೋಳು. ಕಾಯಿಲ್ ಪೂರ್ತಿ ಒಂದೇ ಸಮ ಬೆಳ್ಳಗೆ ಮುಚ್ಚಿಹೋಗಿದ್ದರೆ ಗ್ಯಾಸ್ ಚೆನ್ನಾಗಿದೆ, ಕಂಪ್ರೆಸರ್ರೂ ಚೆನ್ನಾಗಿದೆ. ಅಷ್ಟು ಐಸ್ ಮಾಡಿದ್ದು ಅವೇ ತಾನೇ!

ಇದನ್ನು ಮನೆಯಲ್ಲೇ, ಒಂದು ಸ್ಕ್ರೂ ಸಹ ಬಿಚ್ಚದೆ ಪರೀಕ್ಷೆ ಮಾಡಬಹುದು. ಸಾಮಾನು ಖಾಲಿ ಮಾಡಿ, ಪ್ಲಗ್ ಕಿತ್ತು, ಎರಡೂ ಬಾಗಿಲು ತೆರೆದು 24 ಗಂಟೆ ಬಿಡಿ. ಎದುರಿಗೆ ಟೇಬಲ್ ಫ್ಯಾನ್ ಇಟ್ಟರೆ ಬೇಗ ಆಗುತ್ತದೆ. ಕೆಳಗೆ ಹಳೆ ಟವೆಲ್ ಹಾಸಿ, ಹಿಂದಿನ ತಟ್ಟೆ ತುಂಬಿ ಹರಿಯುತ್ತದಾ ಅಂತ ಆಗಾಗ ನೋಡಿ. ಮಾರನೇ ದಿನ ಒರೆಸಿ ಆನ್ ಮಾಡಿ. ಕೆಳಗೂ ಮೇಲೂ ಒಳ್ಳೆ ತಂಪು ಬಂದು, ವಾರ ಹತ್ತು ದಿನ ಬಿಟ್ಟು ಮತ್ತೆ ಕೆಳಗೆ ಬಿಸಿಯಾದರೆ ತೊಂದರೆ ಐಸ್ ಕರಗಿಸುವ ಭಾಗದಲ್ಲೇ ಇದೆ ಅಂತ ಹೆಚ್ಚುಕಡಿಮೆ ಖಾತ್ರಿ. 24 ಗಂಟೆ ಬಿಟ್ಟರೂ ತಂಪು ಬರದಿದ್ದರೆ ಆಗ ಗ್ಯಾಸ್, ಫ್ಯಾನ್, ಕಂಪ್ರೆಸರ್ ಕಡೆ ನೋಡಬೇಕು. ನಿಮ್ಮ ವಿಷಯದಲ್ಲಿ ಗೊತ್ತಿಲ್ಲದೆಯೇ ಈ ಪರೀಕ್ಷೆ ಎರಡು ಸಲ ಆಗಿ ಹೋಗಿದೆ. ಎರಡು ಸಲವೂ ಉತ್ತರ ಒಂದೇ.

ಆ ಒಂದು ದಿನ ಮೀನು, ಹಾಲು ಎಲ್ಲಿಡುವುದು? ಪಕ್ಕದ ಮನೆ ಫ್ರಿಜ್ ಒಳ್ಳೆಯದು. ಇಲ್ಲದಿದ್ದರೆ ಮೀನಿನವರ ಹತ್ತಿರ ಸಿಗುವ ಥರ್ಮಕೋಲ್ ಪೆಟ್ಟಿಗೆ, ಅದಕ್ಕಿಷ್ಟು ಐಸ್. ಇನ್ನೊಂದು ಮಾತು, ಕೆಳಗಿನ ಭಾಗ 5 ಡಿಗ್ರಿಗಿಂತ ಕೆಳಗಿರಬೇಕು. ಅಷ್ಟು ತಂಪಿಲ್ಲದೆ ನಾಲ್ಕು ಗಂಟೆಗಿಂತ ಜಾಸ್ತಿ ಇದ್ದ ಮೀನು, ಮಾಂಸ, ಹಾಲನ್ನು ಮೂಸಿ ನೋಡಿ ನಿರ್ಧಾರ ಮಾಡಬೇಡಿ. ಕೆಟ್ಟದ್ದೆಲ್ಲ ವಾಸನೆ ಬರುವುದಿಲ್ಲ.

ಐಸ್ ಕರಗದೆ ಇರಲು ಕಾರಣಗಳು ಏನೇನು? ನನ್ನ ಕೈಗೆ ಜಾಸ್ತಿ ಸಿಕ್ಕಿದ್ದು ಮೂರು: ಹೀಟರ್ ಸುಟ್ಟಿರುವುದು, ಬೈಮೆಟಲ್ ಕೆಟ್ಟಿರುವುದು, ಥರ್ಮಲ್ ಫ್ಯೂಸ್ ಹೋಗಿರುವುದು. ಇವು ಒಂದೇ ಸಾಲಿನಲ್ಲಿ ಕೂತಿರುತ್ತವೆ. ಒಂದು ಹೋದರೂ ಹೀಟರ್ ಉರಿಯುವುದಿಲ್ಲ. ಬೈಮೆಟಲ್ ಅನ್ನುವುದು ಕಾಯಿಲ್‌ಗೆ ಸಿಕ್ಕಿಸಿದ ಬಟನ್‌ನಷ್ಟು ದೊಡ್ಡ ಸ್ವಿಚ್. ಕಾಯಿಲ್ ಚೆನ್ನಾಗಿ ತಣ್ಣಗಿದ್ದಾಗ ಕರೆಂಟ್ ಬಿಡುತ್ತದೆ, ಐಸ್ ಕರಗಿ ಹತ್ತು ಹದಿಮೂರು ಡಿಗ್ರಿಗೆ ಬಂದಾಗ ಕಟ್ ಮಾಡುತ್ತದೆ. ಅದೂ ಕೈಕೊಟ್ಟು ಬಿಸಿ ವಿಪರೀತ ಏರಿದರೆ ಫ್ಯೂಸ್ ಒಂದೇ ಸಲಕ್ಕೆ ಸುಟ್ಟುಕೊಂಡು ಮನೆ ಕಾಯುತ್ತದೆ.

ಇಲ್ಲಿ ಮೆಕ್ಯಾನಿಕ್‌ಗಳೇ ಎಡವುವ ಒಂದು ಜಾಗವಿದೆ. ಬೈಮೆಟಲ್ಲನ್ನು ಹೊರಗೆ ತೆಗೆದು, ಕರೆಂಟ್ ದಾರಿ ಇದೆಯಾ ಅಂತ ನೋಡುವ ಮೀಟರ್ ಹಿಡಿದರೆ ಅದು ಕೆಟ್ಟ ಹಾಗೆಯೇ ತೋರಿಸುತ್ತದೆ. ಬೆಚ್ಚಗಿರುವಾಗ ಅದು ಕಟ್ ಆಗಿರಲೇಬೇಕು! ಐಸ್‌ಗೆ ಉಪ್ಪು ಬೆರೆಸಿ, ಅದರಲ್ಲಿ ಕಾಲು ಗಂಟೆ ಇಟ್ಟು ಆಮೇಲೆ ನೋಡಬೇಕು. (ಉಪ್ಪಿಗೆ ಫ್ರಿಜ್ ರಿಪೇರಿಯಲ್ಲಿ ಇರುವ ಒಂದೇ ಒಳ್ಳೆ ಕೆಲಸ ಇದು.) ಹೀಟರ್ ಪರೀಕ್ಷೆ ಸುಲಭ. 150 ವ್ಯಾಟ್ ಹೀಟರ್ ಆದರೆ ಮೀಟರ್‌ನಲ್ಲಿ ಸುಮಾರು 350 ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಒಳಗಿನ ತಂತಿ ಹರಿದಿದೆ.

ಆಮೇಲೆ ಟೈಮರ್. ಸ್ವಲ್ಪ ಹಳೆ ಮಾಡೆಲ್‌ಗಳಲ್ಲಿ ಗಡಿಯಾರದ ತರಹ ತಿರುಗುವ ಟೈಮರ್ ಇರುತ್ತದೆ. ಅದರ ತಿರುಪನ್ನು ಸ್ಕ್ರೂಡ್ರೈವರ್‌ನಿಂದ ಮೆಲ್ಲಗೆ ತಿರುಗಿಸಿದರೆ 'ಟಕ್' ಅಂತ ಕಂಪ್ರೆಸರ್ ನಿಲ್ಲಬೇಕು, ಹೀಟರ್ ಶುರುವಾಗಬೇಕು. ಕೈಯಿಂದ ತಿರುಗಿಸಿದಾಗ ಐಸ್ ಕರಗಿದರೆ ಹೀಟರ್ ಚೆನ್ನಾಗಿದೆ, ಟೈಮರ್ರೇ ಸೋಮಾರಿ. ಹೊಸ ಮಾಡೆಲ್‌ಗಳಲ್ಲಿ ಈ ಕೆಲಸ ಬೋರ್ಡ್ ಮತ್ತು ಸೆನ್ಸರ್‌ನದು. ಬೋರ್ಡ್ ಹೋಗಲು ಗುಡುಗು ಮಿಂಚು ಒಂದು ಕಾರಣವಾದರೆ, ನಮ್ಮ ಕಡೆ ಇನ್ನೊಂದು ಕಾರಣ ಹಲ್ಲಿ. ಬೆಚ್ಚಗಿದೆ ಅಂತ ಒಳಗೆ ಹೋಗಿ ಎರಡು ತುದಿ ಮುಟ್ಟಿ ತಾನೂ ಸಾಯುತ್ತದೆ, ಬೋರ್ಡನ್ನೂ ಸಾಯಿಸುತ್ತದೆ. ಎಷ್ಟು ಒಣಗಿದ ಹಲ್ಲಿ ತೆಗೆದಿದ್ದೇನೋ ಲೆಕ್ಕ ಇಟ್ಟಿಲ್ಲ.

ತರಕಾರಿ ಡಬ್ಬದ ನೀರಿನ ಕಥೆ ಸ್ವಲ್ಪ ಬೇರೆ. ಕರಗಿದ ನೀರು ಇಳಿಯುವ ತೂತು ಕಸದಿಂದಲೋ ಐಸ್‌ನಿಂದಲೋ ಮುಚ್ಚಿರಬಹುದು. ಆಗ ನೀರು ಗಾಳಿ ಇಳಿಯುವ ದಾರಿಯಲ್ಲೇ ಕೆಳಗೆ ಹರಿದು ತರಕಾರಿ ಮೇಲೆ ಬೀಳುತ್ತದೆ. 24 ಗಂಟೆ ಬಿಟ್ಟು ಐಸ್ ಕರಗಿದ ಮೇಲೆ, ಮೆಕ್ಯಾನಿಕ್ ಪ್ಯಾನೆಲ್ ಬಿಚ್ಚಿದ್ದಾಗಲೇ, ಸೂಜಿ ಇಲ್ಲದ ದೊಡ್ಡ ಸಿರಿಂಜಿನಿಂದ ಉಗುರುಬೆಚ್ಚಗಿನ ನೀರನ್ನು ಆ ತೂತಿಗೆ ಬಿಡಬೇಕು. ಹಿಂದಿನ ತಟ್ಟೆಗೆ ನೀರು ಸರಾಗವಾಗಿ ಬಂದರೆ ದಾರಿ ಬಿಟ್ಟಿತು ಅಂತ ಅರ್ಥ. ಇದನ್ನು ಮಾಡದೆ ಬರೀ ಹೀಟರ್ ಬದಲಿಸಿದರೆ ಒಂದು ತಿಂಗಳಲ್ಲಿ ಮತ್ತೆ ನಿಮ್ಮ ಪತ್ರ ಬರುತ್ತದೆ. ಹಾಗೇ ಆ ತಟ್ಟೆಯನ್ನೂ ತೊಳೆಯಿರಿ. ಡೆಂಗಿ ಸೊಳ್ಳೆ ಮೊಟ್ಟೆ ಇಡುವ ಜಾಗಗಳಲ್ಲಿ ಫ್ರಿಜ್ ಹಿಂದಿನ ತಟ್ಟೆಯೂ ಒಂದು. ಮನೆ ಸುತ್ತ ತೆಂಗಿನ ಚಿಪ್ಪೆಲ್ಲ ಕವುಚಿ ಹಾಕುತ್ತೇವೆ, ಇದು ಮಾತ್ರ ಮರೆತುಹೋಗುತ್ತದೆ.

ಬಾಗಿಲಿನ ರಬ್ಬರ್ ನೋಡಲು ಒಂದು ಹತ್ತು ರೂಪಾಯಿ ನೋಟು ಸಾಕು. ನೋಟನ್ನು ಬಾಗಿಲಿಗೆ ಸಿಕ್ಕಿಸಿ ಎಳೆಯಿರಿ. ಬಿಗಿಯಾಗಿ ಬರಬೇಕು. ಸುಮ್ನೆ ಜಾರಿ ಬಂದರೆ ಆ ಜಾಗದಿಂದ ಮಳೆಗಾಲದ ಗಾಳಿ ಹಗಲೂ ರಾತ್ರಿ ಒಳಗೆ ಹೋಗುತ್ತಿದೆ. ಹೆಚ್ಚಿನ ಸಲ ರಬ್ಬರ್ ಕೆಟ್ಟಿರುವುದಿಲ್ಲ, ಜಿಡ್ಡು ಹಿಡಿದಿರುತ್ತದೆ. ಸೋಪಿನ ಬೆಚ್ಚನೆ ನೀರಿನಲ್ಲಿ ಒರೆಸಿದರೆ ಅಂಟಿಕೊಳ್ಳುತ್ತದೆ.

ಇನ್ನು ಉಪ್ಪು. ಐಸ್ ಕರಗುವುದು ನಿಜ, ಜೊತೆಗೆ ಅಲ್ಯೂಮಿನಿಯಂ ಕೂಡ ಸವೆಯುತ್ತದೆ. ಈಗ ಇಲ್ಲದ ಗ್ಯಾಸ್ ಲೀಕ್ ಆಗ ನಿಜವಾಗಿಯೂ ಬರುತ್ತದೆ. ಬೇಡ. ರಾತ್ರಿ ಆಫ್ ಮಾಡುವುದೂ ಬೇಡ. ಬಾಗಿಲು ಮುಚ್ಚಿದ ಫ್ರಿಜ್‌ನಲ್ಲಿ ಏಳೆಂಟು ಗಂಟೆಗೆ ಐಸ್ ಪೂರ್ತಿ ಕರಗುವುದಿಲ್ಲ, ಅರೆಬರೆ ಕರಗಿ ಮತ್ತೆ ಗಟ್ಟಿ ಗಡ್ಡೆಯಾಗುತ್ತದೆ. ಊಟದ ಸಾಮಾನು ದಿನಾ ಬಿಸಿ ತಂಪು ಆಗುವುದು ಬೇರೆ. ಟೆಂಪರೇಚರ್ ಜಾಸ್ತಿ ತಂಪಿಗೆ ತಿರುಗಿಸಿದರೂ ಪ್ರಯೋಜನವಿಲ್ಲ. ಗಾಳಿಯ ದಾರಿ ಮುಚ್ಚಿದ ಮೇಲೆ ಕಂಪ್ರೆಸರ್ ಎಷ್ಟು ದುಡಿದರೂ ಐಸ್ ದಪ್ಪ ಆಗುತ್ತದೆ, ಅಷ್ಟೇ. ಹೇರ್ ಡ್ರೈಯರ್ ಹಿಡಿದು ಕೂರುವವರಿದ್ದಾರೆ. ಒದ್ದೆ ಕೈ, ಒದ್ದೆ ನೆಲ, ಕರೆಂಟು ಮೂರೂ ಒಟ್ಟಿಗೆ ಬೇಡ.

ಅತ್ತೆಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ಸಿಂಗಲ್ ಡೋರ್‌ನಲ್ಲಿ ಕೆಡಲು ಹೀಟರ್ರೇ ಇಲ್ಲ. ಅಲ್ಲಿ ಐಸ್ ಕಣ್ಣೆದುರೇ ಕಟ್ಟುತ್ತದೆ, ಕಿರುಬೆರಳ ಅರ್ಧದಷ್ಟು ದಪ್ಪ ಆಗುವ ಹೊತ್ತಿಗೆ ನಾವೇ ಬಟನ್ ಒತ್ತಿ ಕರಗಿಸಬೇಕು. ಅದನ್ನು ಮರೆತು ಕೊನೆಗೆ ಚಾಕು ತರುತ್ತೇವೆ. ನಾನು ಕೆಲಸ ಕಲಿಯುವಾಗ ಒಬ್ಬರ ಮನೆಯಲ್ಲಿ ಹೀಗೇ ಸ್ಕ್ರೂಡ್ರೈವರ್‌ನಿಂದ ಐಸ್ ಕೆತ್ತುತ್ತಿದ್ದೆ. 'ಸುಂಯ್' ಅಂತ ಸದ್ದು ಬಂತು. ಅಷ್ಟೇ, ಆ ತಿಂಗಳ ಸಂಬಳ ಆ ಫ್ರಿಜ್‌ಗೆ ಹೋಯಿತು. ಈಗಲೂ ಆ ಸದ್ದು ಕಿವಿಯಲ್ಲಿದೆ. ಒಂದು ಪಾತ್ರೆ ಬಿಸಿನೀರು ಒಳಗಿಟ್ಟು ಬಾಗಿಲು ಮುಚ್ಚಿದರೆ ಅರ್ಧ ಗಂಟೆಯಲ್ಲಿ ಐಸ್ ತಾನೇ ಸಡಿಲವಾಗುತ್ತದೆ.

ನಿಮ್ಮ ಮುಂದೆ ಈಗ ಇರುವ ದಾರಿಗಳು ಇವು. ಮೆಕ್ಯಾನಿಕ್ ಸಿಗುವವರೆಗೆ ಆರೇಳು ದಿನಕ್ಕೊಮ್ಮೆ 24 ಗಂಟೆ ಆಫ್ ಮಾಡಿ ಕಾಲ ತಳ್ಳಬಹುದು. ಅಪಾಯವಿಲ್ಲ, ಕಿರಿಕಿರಿ ಮಾತ್ರ. ಸರಿಯಾದ ದಾರಿ ಅಂದರೆ ಹೀಟರ್, ಬೈಮೆಟಲ್, ಫ್ಯೂಸ್ ಪರೀಕ್ಷೆ ಮಾಡಿಸಿ ಕೆಟ್ಟದ್ದನ್ನು ಮಾತ್ರ ಬದಲಿಸುವುದು. ಈ ಬಿಡಿಭಾಗಗಳು ಸಾಮಾನ್ಯವಾಗಿ ನೂರರ ಲೆಕ್ಕದಲ್ಲಿ ಸಿಗುತ್ತವೆ, ಸಾವಿರಗಳ ಲೆಕ್ಕ ಬರುವುದು ಬೋರ್ಡ್ ಹೋದಾಗ. ನೀವೇ ಪ್ಯಾನೆಲ್ ಬಿಚ್ಚುವುದನ್ನು ನಾನು ಒಪ್ಪುವುದಿಲ್ಲ. ಆ ಹೀಟರ್‌ಗೆ ಬರುವುದು 230 ವೋಲ್ಟ್, ಅದೂ ನೀರು ಹನಿಯುವ ಜಾಗದಲ್ಲಿ.

ಒಂದನ್ನು ಮಾತ್ರ ಯಾರು ಹೇಳಿದರೂ ಒಪ್ಪಬೇಡಿ. 'ಫ್ಯೂಸ್ ಸಿಗ್ತಾ ಇಲ್ಲ, ಡೈರೆಕ್ಟ್ ಮಾಡಿ ಕೊಡ್ತೀನಿ' ಅನ್ನುವವರಿದ್ದಾರೆ. ಎರಡು ತಂತಿ ಸೇರಿಸಿ ಟೇಪ್ ಸುತ್ತುತ್ತಾರೆ. ಫ್ರಿಜ್ ಓಡುತ್ತದೆ, ನಿಜ. ಆದರೆ ಮುಂದೆ ಬೈಮೆಟಲ್ ಕೈಕೊಟ್ಟ ದಿನ ಹೀಟರ್‌ನ ಬಿಸಿಯನ್ನು ನಿಲ್ಲಿಸುವವರು ಯಾರೂ ಇಲ್ಲ. ಸುತ್ತ ಇರುವುದು ಪ್ಲಾಸ್ಟಿಕ್ ಮತ್ತು ಫೋಮ್. ಈಗಿನ ಹೆಚ್ಚಿನ ಫ್ರಿಜ್‌ಗಳ ಗ್ಯಾಸ್ ಆರ್600ಎ, ಅದು ಬೆಂಕಿ ಹಿಡಿಯುವ ಗ್ಯಾಸ್. ನಿಮ್ಮದರಲ್ಲಿ ಯಾವುದಿದೆ ಅಂತ ಕಂಪ್ರೆಸರ್ ಮೇಲಿನ ಸ್ಟಿಕ್ಕರ್‌ನಲ್ಲಿ ಬರೆದಿರುತ್ತದೆ. ಎರಡು ಸಲ ತುಂಬಿಸಿದ್ದು ಅದೇ ಗ್ಯಾಸಾ ಅಂತಲೂ ಕೇಳಿ. ಆರ್600ಎ ಕಂಪ್ರೆಸರ್‌ಗೆ ಆರ್134ಎ ಅನ್ನುವ ಬೇರೆ ಗ್ಯಾಸ್ ತುಂಬಿಸಿದ್ದನ್ನು ನಾನು ನೋಡಿದ್ದೇನೆ. ಹಾಗೇನಾದರೂ ಆಗಿದ್ದರೆ ಅದನ್ನು ತೆಗೆಸಿ, ಫಿಲ್ಟರ್ ಬದಲಿಸಿ, ಪೈಪಿನೊಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಎಳೆಸಿ (ವ್ಯಾಕ್ಯೂಮ್ ಮಾಡಿಸಿ), ಸರಿಯಾದದ್ದನ್ನು ತೂಕ ಹಾಕಿ ತುಂಬಿಸಬೇಕು. ನಿಮ್ಮ ವಿಷಯದಲ್ಲಿ ನನಗೆ ನಿಜವಾದ ಚಿಂತೆ ಇರುವುದು ಇದೊಂದೇ.

ಹೊಸ ಫ್ರಿಜ್ ಯಾವಾಗ? ಫ್ರಿಜ್ ಗೋಡೆಯ ಫೋಮ್ ಒಳಗಿನ ಪೈಪ್ ಲೀಕ್ ಆಗಿದ್ದರೆ, ಅಥವಾ ಬೋರ್ಡ್ ಮತ್ತು ಕಂಪ್ರೆಸರ್ ಎರಡೂ ಹೋಗಿದ್ದರೆ. ಹೀಟರ್ ಸುಟ್ಟ ಏಳು ವರ್ಷದ ಫ್ರಿಜ್ ಇನ್ನೂ ಯೌವನದಲ್ಲಿದೆ.

ಕೊನೆಗೆ, ಮೆಕ್ಯಾನಿಕ್ ಬರುವ ದಿನದ ವಿಷಯ. ಅವರು ಬರುತ್ತಾರೆ ಅಂತ ಹಿಂದಿನ ರಾತ್ರಿಯೇ ಫ್ರಿಜ್ ಆಫ್ ಮಾಡಿ, ಒರೆಸಿ ಚೊಕ್ಕ ಮಾಡಿ ಇಡುತ್ತಾರೆ ನಮ್ಮವರು. ದಯವಿಟ್ಟು ಬೇಡ. ಐಸ್ ಕರಗಿ ಹೋದರೆ ಸಾಕ್ಷಿಯೇ ಹೋಯಿತು. ಕೆಳಗೆ ತಂಪು ಕಡಿಮೆಯಾಗಿ, ಟಕಟಕ ಸದ್ದು ಬರುತ್ತಿರುವ ದಿನವೇ ಕರೆಸಿ. ಅವರು ಬಂದು ಕೂತ ಮೇಲೆ ಪ್ಲಗ್ ಕಿತ್ತು, ಕೂಡಲೇ ಪ್ಯಾನೆಲ್ ಬಿಚ್ಚಲು ಹೇಳಿ, ಕಾಯಿಲ್‌ನ ಫೋಟೋ ತೆಗೆದಿಟ್ಟುಕೊಳ್ಳಿ. ಪೂರ್ತಿ ಬೆಳ್ಳಗಿದ್ದರೆ ಮೂರನೇ ಸಲ ಗ್ಯಾಸ್ ಮಾತು ಬಂದಾಗ ಆ ಫೋಟೋ ತೋರಿಸಿ.